ಎರಡು ಮದುವೆಯ ಒಂದು ಊಟ

ನನಗೆ ಒಂದೇ ದಿನ ಎರಡು ಮದುವೆಯಾಯಿತು. ಮೊದಲನೆಯ ಹೆಂಡತಿ ನಮ್ಮವ್ವನಿಗಿಂತ ದೊಡ್ಡವಳು, ಎರಡನೆಯವಳು ನಾನು ಆಸೆಪಟ್ಟವಳು. ಹೀಗಂದ ಕೂಡಲೇ ಪರ ಊರಿನವರು ಕಣ್ಣರಳಿಸುತ್ತಾರೆ. ನಮ್ಮೂರಿನವರು ಮಾತ್ರ ಆವತ್ತಿನ ಊಟ ನೆನೆಸಿಕೊಂಡು ನಗುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಮಾತಿಗೆ ಉಪ್ಪು ಖಾರ ಸೇರಿಸುವುದು ನನ್ನ ಹುಟ್ಟುಗುಣ, ಅದನ್ನು ನೀವೇ ಸೋಸಿಕೊಳ್ಳಿ.

ನಮ್ಮೂರಲ್ಲಿ ಪ್ರತಿ ಮನೆಯಲ್ಲೂ ಬರೆದುಕೊಳ್ಳುವ ಗೋಡೆ ಒಂದಿದೆ. ಊರಿನಲ್ಲಿ ಯಾರು ಯಾವುದಕ್ಕೆ ಒಪ್ಪಿದರೂ ಆ ಮಾತು ಎಲ್ಲರ ಮನೆಯ ಗೋಡೆಯ ಮೇಲೂ ಒಂದೇ ಹೊತ್ತಿಗೆ, ಒಂದೇ ಅಕ್ಷರದಲ್ಲಿ ಮೂಡುತ್ತದೆ. ‘ಓಬಣ್ಣ ಮೇಲಿನಮನೆಗೆ ಮಣ್ಣಿನ ಹರವಿ ಮಾಡಿಕೊಡಲು ಒಪ್ಪಿದ.’ ‘ಕೆಂಚಮ್ಮ ತಂಗಿಯ ಜೊತೆ ಮತ್ತೆ ಮಾತಾಡಲು ಒಪ್ಪಿದಳು.’ ಒಮ್ಮೆ ಮೂಡಿದ್ದು ಅಳಿಸುವುದಿಲ್ಲ. ಸುಣ್ಣ ಬಳಿದರೆ ಸುಣ್ಣದ ಮೇಲೆ ಬಂದು ಕೂರುತ್ತದೆ. ಮನಸ್ಸು ಬದಲಾಯಿಸಿದರೆ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು, ಅಷ್ಟೇ. ನಾಚಿಕೆ ತರುವ ಸಾಲಿನ ಮೇಲೆ ಜನ ಕ್ಯಾಲೆಂಡರ್ ನೇತುಹಾಕುತ್ತಾರೆ. ಅದೇ ಸಾಲು ಪಕ್ಕದ ಮನೆಯಲ್ಲಿ ಕ್ಯಾಲೆಂಡರ್ ಇಲ್ಲದೆ ಆರಾಮಾಗಿ ನಿಂತಿರುತ್ತದೆ ಅನ್ನುವುದು ಅವರಿಗೂ ಗೊತ್ತು, ಆದರೂ ನೇತುಹಾಕುತ್ತಾರೆ.

ಒಪ್ಪಿಗೆ ಕೊಡುವುದು ಸಂಚಿಯ ಕೆಲಸ. ಹೆಸರಿಡುವ ದಿನ ಸೊಂಟಕ್ಕೆ ಕಟ್ಟಿದ ಸಂಚಿ ಬದುಕಿರುವವರೆಗೂ ಅಲ್ಲೇ ಇರುತ್ತದೆ. ಯಾರಾದರೂ ನಿಮ್ಮ ಒಪ್ಪಿಗೆ ಕೇಳಿದರೆ ಸಂಚಿ ನಡುಗುತ್ತದೆ. ನೀವು ‘ಹೂಂ’ ಅಂದರೆ ಗೋಡೆಯ ಮೇಲೆ ಸಾಲು ಮೂಡುತ್ತದೆ, ‘ಉಹೂಂ’ ಅಂದರೆ ಸಂಚಿ ಸುಮ್ಮನಾಗುತ್ತದೆ. ನಿಮ್ಮ ಸಂಚಿಯ ಮುಂದೆ ಬೇರೆಯವರು ಗಂಟಲು ಹರಿಯುವಂತೆ ಹೂಂ ಅಂದರೂ ಅದು ಜಗ್ಗುವುದಿಲ್ಲ. ಒಳಗೆ ಏನಿದೆ ಅಂತ ಯಾರಿಗೂ ತಿಳಿಯದು. ಸಂಚಿ ಹೊಲಿಯುವ ತಿಪ್ಪೇಶ ಅಂದರೆ ನಾನೇ. ಅಂಚು ಹರಿದರೆ ಹೊಲಿಯುತ್ತೇನೆ, ದಾರ ಸವೆದರೆ ಬದಲಾಯಿಸುತ್ತೇನೆ, ಒಳಗೆ ಮಾತ್ರ ಇಣುಕುವುದಿಲ್ಲ. ನಮ್ಮ ಕಸುಬಿನ ಮರ್ಯಾದೆ ಅದು.

ಸಂಚಿಗಳಲ್ಲಿ ಬಟ್ಟೆಯವು, ತೊಗಲಿನವು, ಓಲೆಗರಿಯವು ಅಂತ ಜಾತಿಗಳಿವೆ. ಬಟ್ಟೆಯ ಸಂಚಿಗೆ ಕೇಳಿದ ತಕ್ಷಣ ನಡುಗುವ ಆತುರ. ತೊಗಲಿನದಕ್ಕೆ ಬಿಗುಮಾನ, ಮರ್ಯಾದೆಯಿಂದ ಕೇಳಬೇಕು. ಓಲೆಗರಿಯದು ಮೋಡ ಕವಿದ ದಿನ ಹೊರಳಿ ಮಲಗಿಬಿಡುತ್ತದೆ. ಜನ ಎದುರುಬದುರು ನಿಂತು ವ್ಯವಹಾರ ಮಾಡುತ್ತಿದ್ದ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ. ಫೋನು ಬಂತು, ದೋಣಿಯ ಸೀಟಿಗೆ ಒಂದು ವೆಬ್‌ಸೈಟು, ತರಕಾರಿ ಸಂತೆಗೆ ಒಂದು, ಹಜಾಮರ ಅಂಗಡಿಯ ಸರದಿಗೆ ಇನ್ನೊಂದು ಬಂತು. ಮಾಡಿದವರು ತಮಗೆ ಗೊತ್ತಿದ್ದ ಸಂಚಿಯ ಜೊತೆ ಮಾತ್ರ ಮಾತಾಡುವ ಹಾಗೆ ಮಾಡಿದರು. ದೋಣಿಯ ಸೈಟಿಗೆ ತೊಗಲಿನ ಸಂಚಿಯೇ ಬೇಕು, ಸಂತೆಯದಕ್ಕೆ ಬಟ್ಟೆಯದೇ ಆಗಬೇಕು. ಓಲೆಗರಿಯ ಸಂಚಿಯವರನ್ನು ಯಾರೂ ಕೇಳಲೇ ಇಲ್ಲ. ನಮ್ಮವ್ವನದು ಓಲೆಗರಿಯದು. ಬದನೆಕಾಯಿ ತರಿಸಲು ಅವಳು ಪಕ್ಕದ ಮನೆಯವರಿಗೆ ದುಂಬಾಲು ಬೀಳುತ್ತಿದ್ದಳು, ಆಮೇಲೆ ಊರಿನ ಗೋಡೆಯ ಮೇಲೆಲ್ಲ ಬದನೆಕಾಯಿ ಪಕ್ಕದ ಮನೆಯವರ ಹೆಸರಿನಲ್ಲಿ ಬರುತ್ತಿತ್ತು ಅಂತ ಕೊರಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ವನಮಾಲ ಲ್ಯಾಪ್‌ಟಾಪು ಹಿಡಿದು ನನ್ನ ಅಂಗಡಿಯ ಜಗಲಿಯ ಮೇಲೆ ಬಂದು ಕೂತಳು. ಕೆಳಗಿನ ಬೀದಿಯ ಹುಡುಗಿ, ಮುಖ ನೋಡಿ ಗೊತ್ತಿತ್ತು, ಮಾತಾಡಿರಲಿಲ್ಲ.

“ಯಾವ ಸೈಟು ಯಾವ ಸಂಚಿ ಜೊತೆ ಬೇಕಾದ್ರೂ ಮಾತಾಡೋ ಹಾಗೆ ಒಂದು ಲೈಬ್ರರಿ ಬರೀತಿದೀನಿ,” ಅಂದಳು. “ನೀವು ಸಂಚಿಗಳ ಸ್ವಭಾವ ಹೇಳ್ಕೊಡ್ಬೇಕು.”

“ಲೈಬ್ರರಿ ಅಂದ್ರೆ ಪುಸ್ತಕ ಇರೋದಲ್ವಾ?”

“ಇದ್ರಲ್ಲಿ ಒಂದೂ ಇರಲ್ಲ. ಒಬ್ಬರು ಬರೆದಿಟ್ಟ ಕೋಡು. ಬೇಕಾದ ಸೈಟಿನವರು ಎತ್ತಿ ತಮ್ಮದರಲ್ಲಿ ಹಾಕ್ಕೋಬಹುದು. ಎಲ್ಲರೂ ಮೊದಲಿಂದ ಒದ್ದಾಡೋದು ತಪ್ಪುತ್ತೆ.”

“ಸಂಚಿ ಬಾಯಿ ಬಿಚ್ಚುತ್ತಾ ಅದು?”

“ಬಿಚ್ಚಲ್ಲ. ಕೇಳುತ್ತೆ, ಹೂಂ ಅಂದ್ರೋ ಉಹೂಂ ಅಂದ್ರೋ ಅನ್ನೋದನ್ನ ತಂದು ಹೇಳುತ್ತೆ. ಒಳಗೆ ಕೈ ಹಾಕಲ್ಲ.”

ಆ ಮಾತಿಗೇ ನಾನು ಬಿದ್ದುಹೋದೆ. ಒಳಗೆ ಕೈ ಹಾಕದವರು ನನಗೆ ಮೊದಲಿಂದಲೂ ಇಷ್ಟ.

ಲೈಬ್ರರಿಗೆ ಅವಳು ‘ಕೊಂಡಿ’ ಅಂತ ಹೆಸರಿಟ್ಟಳು. ಬರೆದದ್ದು ಸರಿಯಾಗಿದೆಯೋ ಇಲ್ಲವೋ ಅಂತ ದಿನವೂ ಪರೀಕ್ಷೆ ಮಾಡಬೇಕಿತ್ತು. ಪರೀಕ್ಷೆ ಅಂದರೆ ನಿಜವಾದ ಒಪ್ಪಿಗೆಯೇ ಆಗಬೇಕು, ನಮ್ಮ ಗೋಡೆಗೆ ಆಟದ ಒಪ್ಪಿಗೆ ತಿಳಿಯುವುದಿಲ್ಲ. ಹಾಗಾಗಿ ಅವಳ ಫೋನಿನಿಂದ ನನ್ನ ಸಂಚಿಗೆ, ನನ್ನದರಿಂದ ಅವಳ ಸಂಚಿಗೆ ಏನಾದರೊಂದು ಕೇಳುತ್ತಿದ್ದೆವು. ‘ವನಮಾಲ ಕೊಟ್ಟ ಮಜ್ಜಿಗೆ ಕುಡಿಯಲು ತಿಪ್ಪೇಶ ಒಪ್ಪಿದ.’ ‘ತಿಪ್ಪೇಶ ಹಾಡಿದರೆ ಕೇಳಲು ವನಮಾಲ ಒಪ್ಪಿದಳು.’ ‘ಇನ್ನು ಹಾಡದಿರಲು ತಿಪ್ಪೇಶ ಒಪ್ಪಿದ.’ ಇವೆಲ್ಲ ಊರಿನ ಪ್ರತಿ ಮನೆಯ ಗೋಡೆಯ ಮೇಲೂ ಬರುತ್ತಿವೆ ಅನ್ನುವುದನ್ನು ಕೆಲಸದ ಭರದಲ್ಲಿ ನಾವಿಬ್ಬರೂ ಮರೆತೇಬಿಟ್ಟಿದ್ದೆವು. ನಮ್ಮಿಬ್ಬರ ನಡುವೆ ಏನೋ ಇದೆ ಅಂತ ನಮಗೆ ಗೊತ್ತಾಗುವ ಮೊದಲೇ ಊರಿಗೆಲ್ಲ ಗೊತ್ತಾಗಿತ್ತು. ಬೆಳಿಗ್ಗೆ ಕಾಫಿ ಹಿಡಿದುಕೊಂಡು ಗೋಡೆಯ ಮುಂದೆ ಕೂತು, ಇವತ್ತು ಈ ಜೋಡಿಯದು ಏನು ಬಂತು ಅಂತ ಓದುತ್ತಿದ್ದರಂತೆ.

ಒಂದು ಮಧ್ಯಾಹ್ನ ಪರೀಕ್ಷೆಗೆ ಕೇಳಲು ಏನೂ ಹೊಳೆಯಲಿಲ್ಲ. ನಾನು ಸೂಜಿಗೆ ದಾರ ಪೋಣಿಸುತ್ತಾ, “ಮದುವೆ ಅಂತ ಹಾಕಿ ನೋಡು,” ಅಂದೆ.

“ಅದನ್ನ ಪರೀಕ್ಷೆಗೆ ಹಾಕಕ್ಕಾಗಲ್ಲ. ಗೋಡೆ ಮೇಲೆ ನಿಂತೋಗುತ್ತೆ.”

“ನಿಲ್ಲಲಿ ಅಂತಾನೇ ಹೇಳಿದ್ದು.”

ಅವಳು ಲ್ಯಾಪ್‌ಟಾಪು ಮುಚ್ಚಿದಳು. ಎದ್ದು ಹೋಗುತ್ತಾಳೇನೋ ಅಂದುಕೊಂಡೆ. “ಅದಕ್ಕೆ ಫೋನಿಂದ ಕೇಳ್ತಾರಾ? ಮನೆಗೆ ಬಂದು ಅಜ್ಜೀನ ಕೇಳು,” ಅಂದಳು. ಕಿವಿಯವರೆಗೂ ಕೆಂಪಾಗಿದ್ದಳು. ನನ್ನ ಸೂಜಿ ಬೆರಳಿಗೆ ಚುಚ್ಚಿತು, ನೋವೇ ಆಗಲಿಲ್ಲ.

ಅವಳ ಅಜ್ಜಿ ಹೊನ್ನಮ್ಮನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ, ಅವರೂ ಗೋಡೆ ಓದುವವರೇ. ಆದರೆ ಕೊಂಡಿಯ ವಿಷಯದಲ್ಲಿ ಅವರದೊಂದು ತಕರಾರಿತ್ತು. ಸಂಚಿಯನ್ನು ಸೈಟಿಗೆ ಸೇರಿಸಲು ‘ಜೋಡಿಸು’ ಅನ್ನುವ ಗುಂಡಿ ಇತ್ತು. ಅದರ ಕೆಳಗೆ ವನಮಾಲ ‘ಬಿಡಿಸು’ ಅಂತ ಇನ್ನೊಂದು ಇಟ್ಟಿದ್ದಳು. ಅಜ್ಜಿ ಅದನ್ನು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು. ನಮ್ಮೂರಲ್ಲಿ ಬಿಡುವ ಮಾತು, ಬಿಡಿಸುವ ಮಾತು ಯಾರೂ ಬಾಯಲ್ಲಿ ತರುವುದಿಲ್ಲ. “ದಿನಾ ಬೆಳಗೆದ್ದು ಜನ ಇದನ್ನ ಒತ್ತಬೇಕಾ? ತೆಗಿ ಅದನ್ನ,” ಅಂದರು. ವನಮಾಲ ತೆಗೆದಳು. ಯಾರಿಗೂ ಅದರ ಕೊರತೆ ಕಾಣಲಿಲ್ಲ. ಒಮ್ಮೆ ಜೋಡಿಸಿದ ಸಂಚಿಯನ್ನು ಫೋನು ನೆನಪಿಟ್ಟುಕೊಳ್ಳುತ್ತಿತ್ತು, ಮತ್ತೆ ಮತ್ತೆ ಜೋಡಿಸುವ ಗೋಜಿರಲಿಲ್ಲ. ದೋಣಿಯವರು, ಸಂತೆಯವರು, ಹಜಾಮರು, ಎಲ್ಲರೂ ಕೊಂಡಿ ಹಾಕಿಕೊಂಡರು. ನಮ್ಮವ್ವನ ಹೆಸರಿನಲ್ಲಿ ಮೊದಲ ಬದನೆಕಾಯಿ ಗೋಡೆಯ ಮೇಲೆ ಬಂದ ದಿನ ಅವಳು ಆ ಸಾಲಿಗೆ ಅರಿಶಿನ ಕುಂಕುಮ ಹಚ್ಚಿದಳು.

ಇಷ್ಟಾದ ಮೇಲೆ ಇನ್ನೊಂದು ಚಾಳಿ ಊರಿಗೆ ಅಂಟಿಕೊಂಡಿತು. ಮೊದಲು ಸಂಚಿ ಅಪರೂಪಕ್ಕೆ ನಡುಗುತ್ತಿತ್ತು, ಜನ ಗಮನಕೊಟ್ಟು ಕೇಳಿ ಹೂಂ ಅನ್ನುತ್ತಿದ್ದರು. ಈಗ ಸೊಪ್ಪಿಗೊಂದು ಸಲ, ಸರದಿಗೊಂದು ಸಲ, ಹಾಲಿಗೊಂದು ಸಲ. ಸಂಚಿ ನಡುಗಿದ್ದೇ ತಡ, ಏನು ಎತ್ತ ಅಂತ ಫೋನು ನೋಡದೆ, ಹೂಂ ಹೂಂ ಅಂದು ಕೆಲಸ ಮುಂದುವರಿಸುವುದು ರೂಢಿಯಾಯಿತು. ಇದರಲ್ಲಿ ದ್ಯಾವಕ್ಕನನ್ನು ಮೀರಿಸುವವರಿರಲಿಲ್ಲ. ದ್ಯಾವಕ್ಕ, ಗೋಡೆಯ ಲೆಕ್ಕದಲ್ಲಿ ದ್ಯಾವಮ್ಮ, ಅಂದರೆ ಊರಿನ ಮದುವೆಗಳ ಅಡುಗೆಯವಳು. ನಮ್ಮವ್ವನ ಮದುವೆಗೂ ಅವಳದೇ ಅಡುಗೆ. ತಾನು ಮಾತ್ರ ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದರೆ “ಒಲೆ ಮುಂದಿಂದ ಏಳಕ್ಕೆ ಪುರುಸೊತ್ತು ಕೊಟ್ರೇನ್ರೋ ನೀವು?” ಅಂತ ನಗುತ್ತಿದ್ದಳು. ಎಣ್ಣೆ ಕಾಯುತ್ತಿರುವಾಗ, ಹಿಟ್ಟು ಕಲಸುವಾಗ, ಕೈತುಂಬ ಕೆಲಸವಿರುವಾಗಲೇ ಅವಳ ಸಂಚಿ ನಡುಗುತ್ತಿತ್ತು. ಅವಳ ಹೂಂ ಕೇಳಿ ಕೇಳಿ ಅವಳ ಹತ್ತಿರದವರಿಗೆ ಅದು ಉಸಿರಾಟದ ಹಾಗೆ ಕೇಳುತ್ತಿತ್ತು.

ಮದುವೆಯ ದಿನ ಬಂತು. ಕೆರೆಯ ದಂಡೆಯ ಛತ್ರದಲ್ಲಿ ಚಪ್ಪರ ಹಾಕಿದ್ದೆವು. ಅಲ್ಲೂ ಒಂದು ಗೋಡೆಯಿದೆ, ಊರಲ್ಲೇ ದೊಡ್ಡದು. ನಮ್ಮಲ್ಲಿ ತಾಳಿ, ಅಕ್ಷತೆ ಎಲ್ಲ ಇದ್ದರೂ ಮದುವೆ ಆಯಿತು ಅನ್ನುವುದು ಗೋಡೆಯ ಮೇಲೆ ಸಾಲು ಮೂಡಿದಾಗ. ಅದು ಮೂಡಿದ ಮೇಲೆ ತಾಳಿ, ಆಮೇಲೆ ಊಟ. ಸಾಲು ಕಂಡ ತಕ್ಷಣ ವಾಲಗದವರು ಊದಬೇಕು. ವನಮಾಲ ಮದುವೆಯ ಒಪ್ಪಿಗೆಗಾಗಿಯೇ ಒಂದು ಸೈಟು ಮಾಡಿ, ಅದಕ್ಕೆ ಕೊಂಡಿ ಹಾಕಿದ್ದಳು. ಕೊಂಡಿಯಿಂದ ಆಗುವ ಮೊದಲ ಮದುವೆ ತನ್ನದೇ ಆಗಬೇಕು ಅಂತ ಅವಳ ಆಸೆ.

ನಾನು ನನ್ನ ಫೋನು ಹಿಡಿದೆ, ಅವಳು ಅವಳದು. ಇಬ್ಬರೂ ಗುಂಡಿ ಒತ್ತಿದೆವು. ನನ್ನ ಸಂಚಿ ನಡುಗಿತು. ಹೂಂ ಅಂದೆ, ಸ್ವಲ್ಪ ಜೋರಾಗಿಯೇ ಅಂದೆ, ಜನ ನಕ್ಕರು. ವನಮಾಲ ಸಂಚಿಯ ಮೇಲೆ ಕೈಯಿಟ್ಟು ನಿಂತಳು. ಅದು ನಡುಗಲಿಲ್ಲ. ನನ್ನ ಮುಖ ನೋಡಿದಳು, ಫೋನು ನೋಡಿದಳು. ಅಷ್ಟರಲ್ಲಿ ವಾಲಗ ಶುರುವಾಯಿತು. ತಿರುಗಿ ನೋಡಿದರೆ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡಿತ್ತು. ‘ತಿಪ್ಪೇಶನೂ ದ್ಯಾವಮ್ಮನೂ ಮದುವೆಯಾಗಲು ಒಪ್ಪಿದರು. ಮದುವೆ ಆಯಿತು.’

ಓದುಬರಹ ಬಾರದ ವಾಲಗದವರು ಕಣ್ಣುಮುಚ್ಚಿ ಊದುತ್ತಲೇ ಇದ್ದರು. ಅಕ್ಷತೆ ಹಿಡಿದವರು ಎತ್ತಿದ ಕೈ ಎಲ್ಲಿಗೆ ಇಳಿಸಬೇಕು ಅಂತ ತಿಳಿಯದೆ ನಿಂತರು. ನಮ್ಮವ್ವ ಮೆತ್ತಗೆ, “ಅಯ್ಯೋ ಶಿವನೇ, ನನ್ ಸೊಸೆಗೆ ನಾನೇ ಅಕ್ಕಾ ಅನ್ಬೇಕಲ್ಲೋ,” ಅಂದಳು.

ಏನಾಗಿತ್ತು ಅನ್ನುವುದು ವನಮಾಲಳಿಗೆ ತಕ್ಷಣ ಹೊಳೆಯಿತು. ಬೆಳಿಗ್ಗೆ ದ್ಯಾವಕ್ಕನ ಫೋನಿಗೆ ಹಿಟ್ಟು ಮೆತ್ತಿಕೊಂಡಿತ್ತು. ಮೊಸರು ಸಾಲದು ಅಂತ ಅವಳು ಮದುಮಗಳ ಫೋನನ್ನೇ ಇಸಿದುಕೊಂಡು, ತನ್ನ ಸಂಚಿ ಜೋಡಿಸಿ, ಸಂತೆಯಿಂದ ತರಿಸಿದ್ದಳು. ಫೋನು ಆ ಸಂಚಿಯನ್ನೇ ನೆನಪಿಟ್ಟುಕೊಂಡು ಕೂತಿತ್ತು. ಬಿಡಿಸುವ ಗುಂಡಿಯನ್ನು ನಾವೇ ತೆಗೆದುಹಾಕಿದ್ದೆವಲ್ಲ. ಮದುವೆಯ ಕೇಳಿಕೆ ನೇರ ಅಡುಗೆಮನೆಗೆ ಹೋಗಿತ್ತು. ಒಗ್ಗರಣೆ ಹಾಕುತ್ತಿದ್ದ ದ್ಯಾವಕ್ಕ, ಮೊಸರಿನವನೇ ಇರಬೇಕು ಅಂದುಕೊಂಡು, ಹೂಂ ಹೂಂ ಅಂದಿದ್ದಳು.

ಯಾರೋ ಹೋಗಿ ಕರೆದರು. ಸೌಟು ಹಿಡಿದುಕೊಂಡೇ ಬಂದಳು. ಗೋಡೆ ಓದಿದಳು, ನನ್ನ ಪೇಟ ನೋಡಿದಳು, ಮತ್ತೆ ಗೋಡೆ ಓದಿದಳು. ಆಮೇಲೆ ನಗಲು ಶುರುಮಾಡಿ ನಿಲ್ಲಲಾಗದೆ ಮೆಟ್ಟಿಲ ಮೇಲೆ ಕೂತಳು. ಜನಕ್ಕೂ ಅಷ್ಟೇ ಬೇಕಿತ್ತು, ಚಪ್ಪರವೇ ನಕ್ಕಿತು. ನಾನೂ ನಕ್ಕೆ. ವನಮಾಲ ನಗಲಿಲ್ಲ. ಒಬ್ಬರಿಗೆ ಎರಡು ಮದುವೆಯನ್ನು ನಮ್ಮ ಗೋಡೆ ಒಪ್ಪುವುದಿಲ್ಲ. ಮೊದಲ ಸಾಲಿನ ಇಬ್ಬರೂ ಹೂಂ ಅಂದು ಒಬ್ಬರನ್ನೊಬ್ಬರು ಕಳಿಸಿಕೊಟ್ಟರೆ ಮಾತ್ರ ಮುಂದಿನದು. ಅವಳ ಕಣ್ಣು ತುಂಬಿತ್ತು. ಅದನ್ನು ಕಂಡು ನನ್ನ ನಗು ಅಲ್ಲೇ ನಿಂತಿತು.

“ಮೊದಲು ಈ ಫೋನಿಂದ ದ್ಯಾವಕ್ಕನ ಸಂಚಿ ಬಿಡಿಸ್ಬೇಕು,” ಅಂದಳು. “ಲ್ಯಾಪ್‌ಟಾಪು ತಗೊಂಡ್ಬಾ.”

ಉಗ್ರಾಣದಲ್ಲಿ ಅಕ್ಕಿಮೂಟೆಯ ಮೇಲೆ ಕೂತು, ಬಾಸಿಂಗ ಹಿಂದಕ್ಕೆ ಸರಿಸಿಕೊಂಡು ಕೋಡು ಬರೆಯತೊಡಗಿದಳು. ನಾನು ಅವಳ ಸೆರಗು ಲ್ಯಾಪ್‌ಟಾಪಿನ ಮೇಲೆ ಬೀಳದಂತೆ ಹಿಡಿದುಕೊಂಡಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು ಒದ್ದಾಡುತ್ತಿದ್ದರು.

“ಅಜ್ಜಿ, ಗುಂಡಿ ಮೇಲೆ ಏನಾದ್ರೂ ಬರೀಲೇಬೇಕು. ನೀನು ಒಪ್ಪೋ ಮಾತು ಯಾವ್ದು, ನೀನೇ ಹೇಳು.”

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. “ಅದೇನು ದೊಡ್ಡ ವಿಷ್ಯಾನಾ? ಯಾರ ಮನೆಯಿಂದಾದ್ರೂ ಎದ್ದು ಬರೋವಾಗ ಏನಂತೀವಿ? ಹೋಗಿ ಬರ್ತೀನಿ ಅಂತೀವಿ. ಅದನ್ನೇ ಬರಿ.”

ವನಮಾಲ ಒಂದು ಗಳಿಗೆ ಅಜ್ಜಿಯನ್ನು ನೋಡಿದಳು. ಆ ದಿನ ಮೊದಲ ಸಲ ನಕ್ಕಳು, ಮೂಗು ಒರೆಸಿಕೊಂಡು ಅದನ್ನೇ ಬರೆದಳು. ಈಗಲೂ ಕೊಂಡಿ ಹಾಕಿದ ಎಲ್ಲ ಸೈಟುಗಳಲ್ಲೂ ಆ ಗುಂಡಿಯ ಮೇಲೆ ‘ಹೋಗಿ ಬರ್ತೀನಿ’ ಅಂತಲೇ ಇದೆ. ಪರ ಊರಿನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಗುಂಡಿ ಒತ್ತಿದೆವು, ಫೋನಿನಿಂದ ದ್ಯಾವಕ್ಕನ ಸಂಚಿ ಹೊರಟಿತು. ವನಮಾಲಳದು ಸೇರಿತು. ಈಗ ಉಳಿದದ್ದು ಕಳಿಸಿಕೊಡುವ ಒಪ್ಪಿಗೆ. ದ್ಯಾವಕ್ಕನ ಫೋನನ್ನು ಒರೆಸಿ ಅವಳ ಕೈಗೆ ಕೊಟ್ಟೆವು. ನನ್ನ ಸಂಚಿ ನಡುಗಿತು, ಹೂಂ ಅಂದೆ. ಅವಳದೂ ನಡುಗಿತು. ಎಲ್ಲರೂ ಅವಳ ಹೂಂಗೆ ಕಾದರು, ಅದು ಬಾಯಿಂದ ಉದುರಲು ಎಷ್ಟು ಹೊತ್ತು ಅಂತ. ದ್ಯಾವಕ್ಕ ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಅಕ್ಷರ ಕೂಡಿಸಿ ಓದಿದಳು.

“ಉಹೂಂ,” ಅಂದಳು.

ಅವಳ ಬಾಯಲ್ಲಿ ಆ ಮಾತನ್ನು ನಾವ್ಯಾರೂ ಕೇಳಿರಲಿಲ್ಲ. ವನಮಾಲ ನನ್ನ ತೋಳು ಹಿಡಿದುಕೊಂಡಳು, ಉಗುರು ನೆಟ್ಟವು.

“ಹೆದರ್ಕೋಬೇಡ ಕಣವ್ವಾ, ನಿನ್ ಗಂಡನ್ನ ಇಟ್ಕೊಂಡು ನಾನೇನ್ ಮಾಡ್ಲಿ,” ಅಂದಳು ದ್ಯಾವಕ್ಕ. ಗೋಡೆಯತ್ತ ಸೌಟು ತೋರಿಸಿದಳು. “ನನ್ ಹೆಸ್ರು ಇಷ್ಟು ವರ್ಷ ಈ ಗೋಡೆ ಮೇಲೆ ಬಂದಿರೋದು ಬೇಳೆ ಜೊತೆ, ಸೌದೆ ಜೊತೆ, ಮೊಸರಿನ ಜೊತೆ. ಇವತ್ತು ನೋಡು, ಮದುವೆ ಜೊತೆ ಬಂದೈತೆ. ಎಲ್ಲರ ಮನೇಲೂ ಬಂದೈತೆ. ಊಟ ಆಗೋವರ್ಗೂ ಇರ್ಲಿ ಅಂದೆ, ಅಷ್ಟೇಯ. ಮೊದಲ ಪಂಕ್ತೀಲಿ, ಮದುಮಗಳ ಎಲೆ ಮುಂದೆ, ಬಿಸಿಬಿಸಿ ಊಟ. ನಾನು ಮಾಡಿದ ಮದುವೆ ಊಟ ಬಿಸಿಯಾಗಿ ಹೆಂಗಿರುತ್ತೆ ಅಂತ ನಂಗೇ ಗೊತ್ತಿಲ್ಲ.”

ಅಷ್ಟು ಮದುವೆ ಉಂಡ ಊರು, ಅವಳು ಎಲ್ಲಿ ಕೂತು ಏನು ತಿಂದಳು ಅಂತ ಒಬ್ಬರೂ ನೋಡಿರಲಿಲ್ಲ. ವನಮಾಲ ನನ್ನ ತೋಳು ಬಿಟ್ಟಳು. ಮದುವೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದ್ಯಾವಕ್ಕನ ಕೈಯಿಂದ ಸೌಟು ತೆಗೆದುಕೊಂಡಳು.

“ಕೂತ್ಕೋ ದ್ಯಾವಕ್ಕ. ನಾನು ಬಡಿಸ್ತೀನಿ.”

ನಮ್ಮವ್ವ ಓಡಿಹೋಗಿ ತನ್ನ ಹೊಸ ಸೀರೆ ತಂದು ದ್ಯಾವಕ್ಕನಿಗೆ ಉಡಿಸಿದಳು. ಯಾರೋ ಹೂ ಮುಡಿಸಿದರು. ನನ್ನ ಪಕ್ಕ ಮಣೆಯ ಮೇಲೆ ಅವಳು ಕಾಲು ಮಡಚಿ ಕೂತಾಗ ವಾಲಗದವರು, ಈಗ ವಿಷಯ ತಿಳಿದೇ, ಮತ್ತೆ ಊದಿದರು. ಮನೆಯ ಗೋಡೆಯಲ್ಲಿ ಸಾಲು ಕಂಡು ಮದುವೆಗೆ ಬರದಿದ್ದವರೂ ಓಡೋಡಿ ಬಂದರು. ದ್ಯಾವಕ್ಕನ ಮದುವೆ ತಪ್ಪಿಸಿಕೊಳ್ಳಲಾಗುತ್ತದೆಯೇ ಅಂತ ಕೈಯಲ್ಲಿ ತೆಂಗಿನಕಾಯಿ, ಬಾಳೆಗೊನೆ ಹಿಡಿದು ಬಂದರು. ವನಮಾಲ ಕೋಸಂಬರಿ ಬಡಿಸಿದಳು, ಪಲ್ಯ ಬಡಿಸಿದಳು, ಅಭ್ಯಾಸವಿಲ್ಲದ ಕೈಯಲ್ಲಿ ಅರ್ಧ ಎಲೆಗೆ, ಅರ್ಧ ಚಾಪೆಗೆ. ದ್ಯಾವಕ್ಕ ಅನ್ನ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಊರೆಲ್ಲ ಕತ್ತು ಚಾಚಿ ನೋಡಿತು.

“ಸಾರಿಗೆ ಉಪ್ಪು ಕಮ್ಮಿ,” ಅಂದಳು. ನನ್ನ ಕಡೆ ತಿರುಗಿದಳು. “ಯಾವಾಗ್ಲೂ ಹಿಂಗೇನಾ?”

“ಯಾವಾಗ್ಲೂ ಹಿಂಗೇ ದ್ಯಾವಕ್ಕ.”

“ಮತ್ತೆ ಒಬ್ಬರಾದ್ರೂ ಹೇಳಬಾರ್ದಾ ಕಳ್ಳ ನನ್ಮಕ್ಳಾ!”

ಆವತ್ತಿನ ನಗು ಕೆರೆಯ ಆಚೆ ದಂಡೆಗೂ ಕೇಳಿಸಿತಂತೆ. ಎರಡು ಸಲ ಪಾಯಸ ಹಾಕಿಸಿಕೊಂಡು, ಎಲೆ ಮಡಚಿ, ಕೈತೊಳೆದು ಬಂದು ದ್ಯಾವಕ್ಕ ಫೋನು ಕೇಳಿದಳು. ಮತ್ತೆ ಕಣ್ಣು ಕಿರಿದು ಮಾಡಿ, ಈ ಸಲ ಎಲ್ಲರಿಗೂ ಕೇಳುವಂತೆ ಓದಿದಳು. “ದ್ಯಾವಮ್ಮನು ತಿಪ್ಪೇಶನನ್ನು ಸಂತೋಷದಿಂದ ಕಳಿಸಿಕೊಡಲು ಒಪ್ಪುವಳೇ?” ನನ್ನ ತಲೆಯ ಮೇಲೆ ಕೈಯಿಟ್ಟಳು. ಕೈ ಇನ್ನೂ ಒದ್ದೆಯಿತ್ತು. “ಹೂಂ,” ಅಂದಳು, ನಿಧಾನವಾಗಿ, ಒಂದೇ ಸಲ.

ಗೋಡೆಯ ಮೇಲೆ ಸಾಲು ಮೂಡಿತು. ಇನ್ನು ನಮ್ಮದು. ನಾನು, ವನಮಾಲ ಎದುರುಬದುರು ನಿಂತು ಗುಂಡಿ ಒತ್ತಿದೆವು. ನನ್ನ ಹೂಂ ಸಂಚಿ ನಡುಗುವ ಮೊದಲೇ ಬಾಯಿಗೆ ಬಂದಿತ್ತು, ತಡೆದು ಸರಿಯಾದ ಹೊತ್ತಿಗೆ ಹೇಳಿದೆ. ಅವಳ ಸೊಂಟದಲ್ಲಿ ಸಂಚಿ ನಡುಗಿದ್ದು ನನಗೂ ಕಂಡಿತು. ಸೀರೆಗೆ ಸಾರು ಚೆಲ್ಲಿತ್ತು, ಬಾಸಿಂಗ ಓರೆಯಾಗಿತ್ತು, ಅವಳು ಫೋನು ನೋಡುತ್ತಾ ನಿಂತೇ ಇದ್ದಳು. ವಾಲಗದವರು ಬಾಯಿಗೆ ಹಿಡಿದ ವಾಲಗವನ್ನು ಕೆಳಗಿಳಿಸಿದರು. ಅಕ್ಷತೆ ಹಿಡಿದ ಕೈಗಳು ಬೆವೆತವು.

“ಏನ್ ಓದ್ತಿದೀಯ ಅಷ್ಟೊತ್ತು?” ಅಂದೆ. “ಇರೋದು ಒಂದೇ ಸಾಲು.”

“ಓದಿ ಆಯ್ತು,” ಅಂದಳು ವನಮಾಲ, ತಲೆಯೆತ್ತದೆ. “ಚೆನ್ನಾಗಿತ್ತು. ಅದಕ್ಕೇ ಇನ್ನೊಂದ್ಸಲ ಓದ್ತಿದೀನಿ.”

ಆಮೇಲೆ ಹೂಂ ಅಂದಳು.